ಕರ್ನಲ್ ಸಾಹೇಬರ ನೆನಪಿನ ಶಕ್ತಿ

ನನ್ನ ಷಡ್ಡಕ ಹುಟ್ಟಿದಾಗಿನಿಂದ ಮೂರು ಇಡ್ಲಿ ತಿಂದವನಲ್ಲ! ಎರಡು ತಿನ್ನುತ್ತಾನೆ, ನಾಲ್ಕು ತಿನ್ನುತ್ತಾನೆ, ಹಸಿವು ಜೋರಾದ ದಿನ ಎಂಟೂ ತಿನ್ನುತ್ತಾನೆ. ಮೂರು ಮಾತ್ರ ಊಹೂಂ. ತಪ್ಪಿ ಮೂರನೆಯದು ತಟ್ಟೆಗೆ ಬಿತ್ತೋ, ನಾಲ್ಕನೆಯದು ಬರುವ ತನಕ ಕೈ ಕಟ್ಟಿಕೊಂಡು ಕೂತಿರುತ್ತಾನೆ. ಆಗ ನಮ್ಮ ಅತ್ತೆ ಗಾಬರಿಯಿಂದ ಒಳಗೆ ಓಡುತ್ತಾರೆ. ಅಟ್ಟದ ಮೇಲಿನಿಂದಲೋ ಪಾತಾಳದಿಂದಲೋ ಒಂದು ಇಡ್ಲಿ ತಂದು ಹಾಕುತ್ತಾರೆ. ಆ ಇಡ್ಲಿ ನಿಜವಾಗಿ ಯಾರ ಪಾಲಿನದು ಗೊತ್ತೇ? ನನ್ನದು!

ಹೊಟ್ಟೆಕಿಚ್ಚು ಅಂತ ನೀವು ಹೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ. ಹೌದು, ಹೊಟ್ಟೆಕಿಚ್ಚು. ಒಂದೇ ಮನೆಯ ಅಳಿಯಂದಿರಿಬ್ಬರ ನಡುವೆ ಅದು ಇರದಿದ್ದರೆ ಇನ್ನೆಲ್ಲಿರಬೇಕು? ಅವನು ನನ್ನ ಹೆಂಡತಿಯ ಅಕ್ಕನ ಗಂಡ. ವಯಸ್ಸಿನಲ್ಲಿ ನನಗಿಂತ ಬರೀ ಎಂಟು ತಿಂಗಳು ದೊಡ್ಡವನು. ಆದರೂ ದೊಡ್ಡ ಅಳಿಯ ದೊಡ್ಡ ಅಳಿಯನೇ. ಎದುರಿಗೆ ‘ಭಾವ’ ಅನ್ನಬೇಕು, ‘ನೀವು’ ಅನ್ನಬೇಕು. ಅದಕ್ಕೇ ಈ ಪ್ರಬಂಧದಲ್ಲಾದರೂ ಮನಸಾರೆ ‘ಅವನು’ ಅನ್ನುತ್ತಿದ್ದೇನೆ. ಅತ್ತೆಯಂತೂ ಅವನಿಗೆ ‘ನೀವು’, ನನಗೆ ‘ನೀನು’. ಮದುವೆಯಾಗಿ ಹತ್ತೊಂಬತ್ತು ವರ್ಷವಾಯಿತು, ನನ್ನ ತಲೆಯಲ್ಲಿ ನಾಲ್ಕು ಬಿಳಿ ಕೂದಲೂ ಬಂದವು, ಆದರೆ ನನಗೆ ಇನ್ನೂ ‘ನೀವು’ ಬರಲಿಲ್ಲ.

ಅವನ ಮನೆ ಕಾರವಾರದ ಹಬ್ಬುವಾಡದಲ್ಲಿ, ನನ್ನದು ಅಂಕೋಲೆಯಲ್ಲಿ. ಅತ್ತೆಯ ಮನೆ ನಡುವೆ ಬಿಣಗಾದಲ್ಲಿ, ಹೆದ್ದಾರಿಯ ಪಕ್ಕದಲ್ಲೇ. ಹೀಗಾಗಿ ಭಾನುವಾರದ ಮೀನೂಟಕ್ಕೆ ಅವನು ಉತ್ತರದಿಂದ, ನಾನು ದಕ್ಷಿಣದಿಂದ ಬಂದು ಒಂದೇ ಚಾಪೆಯ ಮೇಲೆ ಕೂರುತ್ತೇವೆ. ಇಬ್ಬರ ತಟ್ಟೆಯಲ್ಲೂ ಎಷ್ಟೆಷ್ಟು ತುಂಡು ಬಿದ್ದಿದೆ ಎಂದು ನಾನು ಓರೆಗಣ್ಣಿನಿಂದ ನೋಡುತ್ತೇನೆ. ಅವನು ನೋಡುವುದಿಲ್ಲ. ನೋಡುವ ಅಗತ್ಯ ಅವನಿಗೆಲ್ಲಿದೆ?

ನನ್ನ ಕಸುಬನ್ನೂ ಹೇಳಿಬಿಡಬೇಕು. ಇಲ್ಲದಿದ್ದರೆ ನನ್ನ ಸಂಕಟ ನಿಮಗೆ ಪೂರ್ತಿ ತಿಳಿಯುವುದಿಲ್ಲ. ನಾನು ಅಂಕೋಲೆ ಪೇಟೆಯಲ್ಲಿ ಪುಸ್ತಕ ಬೈಂಡಿಂಗ್ ಮಾಡುವವನು. ಮೈದಾ ಹಿಟ್ಟಿಗೆ, ಹುಳು ಹಿಡಿಯದಿರಲೆಂದು, ಒಂದು ಚಿಟಿಕೆ ಮೈಲುತುತ್ತ ಹಾಕಿ ಅಂಟು ಕುದಿಸುತ್ತೇನೆ, ಹಾಳೆ ಮಡಚುತ್ತೇನೆ, ಹೊಲಿಯುತ್ತೇನೆ, ರಟ್ಟು ಕಟ್ಟುತ್ತೇನೆ. ನನ್ನ ಕೈಯಿಂದ ಹೊರಟ ಪುಸ್ತಕಗಳನ್ನು ಒಂದರ ಮೇಲೊಂದು ಇಟ್ಟರೆ ಕಾರವಾರದ ಲೈಟ್‌ಹೌಸ್ ನಾಚಬೇಕು! ಆದರೆ ಯಾವುದಾದರೂ ಪುಸ್ತಕದ ಮೊದಲ ಪುಟ ತೆರೆದು ನೋಡಿ. ಬರೆದವರ ಹೆಸರಿದೆ, ಪ್ರಕಾಶಕರ ಹೆಸರಿದೆ, ಮುದ್ರಿಸಿದವರದ್ದಿದೆ, ಮುಖಪುಟದ ಚಿತ್ರ ಬರೆದವರದ್ದಿದೆ. ಕರಡು ತಿದ್ದಿದ ಸೋದರಳಿಯನದ್ದೂ ಇದೆ! ಹೊಲಿದವನ ಹೆಸರು? ಹುಡುಕಿ, ಸಿಕ್ಕಿದರೆ ನನಗೂ ತಿಳಿಸಿ. ಎಲ್ಲಾದರೂ ಒಂದು ಕಡೆ, ಮೂಲೆಯಲ್ಲಾದರೂ ಸರಿ, ನನ್ನ ಹೆಸರು ಅಚ್ಚಾಗಲಿ ಎಂಬ ಆಸೆ ನನಗೆ ಕೆಲಸ ಕಲಿತ ದಿನದಿಂದಲೂ ಇತ್ತು. ಹೆಂಡತಿಯೊಬ್ಬಳಿಗೆ ಹೇಳಿದ್ದೆ. ಅವಳು ನಗಲಿಲ್ಲ, ಅದೇ ದೊಡ್ಡದು.

ಇನ್ನು ಅವನ ಕಸುಬು. ಹಬ್ಬುವಾಡದ ಮನೆಯಲ್ಲೇ ಕೂತು ಅವನು ಕಂಪ್ಯೂಟರಿನ ಕರ್ನೆಲ್‌ನ ಮೆಮರಿ ನೋಡಿಕೊಳ್ಳುತ್ತಾನೆ. ಕರ್ನೆಲ್ ಅಂದರೆ ಕಂಪ್ಯೂಟರಿನ, ಮೊಬೈಲಿನ ತೀರಾ ಒಳಗೆ ಕೂತು ಎಲ್ಲ ಕೆಲಸಗಳಿಗೂ ಜಾಗ ಹಂಚಿಕೊಡುವ ತಂತ್ರಾಂಶ. ಜಗತ್ತಿನ ಮೂಲೆ ಮೂಲೆಯ ಜನ ಸೇರಿ ಬರೆಯುವ ಅಂಥದೊಂದು ಕರ್ನೆಲ್‌ನಲ್ಲಿ ಇವನ ಪಾಲಿಗೊಂದು ಸಣ್ಣ ಮೂಲೆ. ಇದು ನನಗೆ ಈಗ ಅರ್ಥವಾಗಿರುವುದು. ಮೊದಲ ಸಲ ಅವನು ಊಟದ ಚಾಪೆಯ ಮೇಲೆ “ನಾನು ಕರ್ನೆಲ್‌ನ ಮೆಮರಿ ನೋಡ್ಕಂತೆ” ಅಂದಾಗ ಯಾರಿಗೂ ಏನೂ ತಿಳಿಯಲಿಲ್ಲ. ಅತ್ತೆಗೆ ಮಾತ್ರ ತಕ್ಷಣ ತಿಳಿಯಿತು.

“ಅಯ್ಯೋ ಪಾಪ! ಕರ್ನಲ್ ಸಾಹೇಬ್ರಿಗೆ ಎಷ್ಟು ವರ್ಷ ಆಯ್ತು?” ಅಂದರು.

ಸಂಜೆಯೊಳಗೆ ಬಿಣಗಾದ ಅರ್ಧ ಊರಿಗೆ ಸುದ್ದಿ. ದೊಡ್ಡ ಅಳಿಯ ಒಬ್ಬ ಕರ್ನಲ್ಲರ ಹತ್ತಿರ ಕೆಲಸಕ್ಕಿದ್ದಾನೆ, ಕರ್ನಲ್ಲರಿಗೆ ಮರೆವಿನ ರೋಗ, ಅವರ ನೆನಪೆಲ್ಲ ಈಗ ನಮ್ಮ ಅಳಿಯನ ಕೈಯಲ್ಲೇ! ಪಕ್ಕದ ಮನೆಯವರು ನೇವಿಯಲ್ಲಿದ್ದು ನಿವೃತ್ತರಾದವರು, ಅವರು ಬೇಲಿಯಾಚೆಯಿಂದ ತಿದ್ದಲು ಬಂದರು.

“ಬಾಯೋರೇ, ಕಾರವಾರದಲ್ಲಿ ಇರೂದು ನೇವಿ. ನೇವಿಯಲ್ಲಿ ಕರ್ನಲ್ ಇರೂದಿಲ್ಲ. ಕರ್ನಲ್ ಅಂದ್ರೆ ಮಿಲಿಟ್ರಿ.”

“ಅದೇ ಮತ್ತೆ! ಮಿಲಿಟ್ರಿಯವ್ರು ಮರ್ತು ಇಲ್ಲಿ ಬಂದ್ಬಿಟ್ಟಾರೆ. ನೆನಪಿಲ್ಲ ಅಂದ್ನಲ್ಲ ನಾನು!”

ನಾನೂ ಒಂದು ದಿನ ಪ್ರಯತ್ನಿಸಿದೆ. “ಅತ್ತೆ, ಅದು ಕರ್ನಲ್ ಅಲ್ಲ, ಕರ್ನೆಲ್. ಮನುಷ್ಯ ಅಲ್ಲ. ಕಂಪ್ಯೂಟರಿನ ಒಳಗೆ ಇರೂದು.”

“ಒಳಗೆ ಎಂತಕ್ಕೆ ಕೂತಾರೆ? ಹೊರಗೆ ಬಂದು ಗಾಳಿ ತಕಳೂಕೆ ಹೇಳು. ನಿಂಗೆ ಅವ್ರ ಮೇಲೆ ಹೊಟ್ಟೆಕಿಚ್ಚು, ಅದ್ಕೇ ಅವ್ರು ನೋಡ್ಕಳೂ ಕರ್ನಲ್ರು ಮನುಷ್ಯರೇ ಅಲ್ಲ ಅಂತ್ಯಾ?”

ಹೊಟ್ಟೆಕಿಚ್ಚಿನ ಮಾತು ನಿಜವಾಗಿತ್ತಲ್ಲ! ಅಲ್ಲಿಂದ ಮುಂದೆ ಪ್ರತಿ ಭಾನುವಾರ ಅತ್ತೆ ಹಿತ್ತಿಲಿನ ಒಂದೆಲಗ ಕೊಯ್ದು, ಕಾಯಿ ಹಾಕಿ ಚಟ್ನಿ ಅರೆದು, ಸ್ಟೀಲ್ ಡಬ್ಬಿಯಲ್ಲಿ ತುಂಬಿ ಕೊಡತೊಡಗಿದರು. ಒಂದೆಲಗ ತಿಂದರೆ ನೆನಪಿನ ಶಕ್ತಿ ಹೆಚ್ಚುತ್ತದೆ, ಕರ್ನಲ್ಲರಿಗೆ ಒಳ್ಳೆಯದಾಗಲಿ ಅಂತ. ಸೋಮವಾರ ಬೆಳಿಗ್ಗೆ ಅದನ್ನು ದೋಸೆಗೆ ಹಚ್ಚಿ ತಿನ್ನುವವನು ಯಾರು ಅಂತ ಬೇರೆ ಹೇಳಬೇಕೇ? ನನಗೂ ಒಂದೆಲಗದ ಚಟ್ನಿ ಅಂದರೆ ಪ್ರಾಣ. ಆದರೆ ನನ್ನ ಹತ್ತಿರ ನೆನಪು ಕಳೆದುಕೊಂಡ ಕರ್ನಲ್ ಇರಲಿಲ್ಲವಲ್ಲ!

ಈ ಮೆಮರಿಯ ಕೆಲಸ ಹಿಡಿದ ಮೇಲೆ ಅವನ ಹಳೆಯ ಹುಚ್ಚು ಪೂರ್ತಿ ತಲೆಗೇರಿತು. ಯಾವುದನ್ನೂ ಬಿಡಿಬಿಡಿಯಾಗಿ ಮುಟ್ಟಬಾರದು. ಎಲ್ಲವೂ ಕಟ್ಟು ಕಟ್ಟಾಗಿ ಇರಬೇಕು. ಕಟ್ಟಾದರೂ ಎಂಥದ್ದು? ಒಂದು, ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು. ಪ್ರತಿಯೊಂದೂ ಹಿಂದಿನದರ ಇಮ್ಮಡಿ. ಇವುಗಳ ನಡುವೆ ಬಿದ್ದ ಸಂಖ್ಯೆಗಳನ್ನು ಕಂಡರೆ ಅವನಿಗೆ ಚಪ್ಪಲಿಯೊಳಗೆ ಮರಳು ಹೊಕ್ಕಷ್ಟು ಕಿರಿಕಿರಿ.

ಮಾತನ್ನೂ ಹಾಗೇ ಕಟ್ಟಿಡುತ್ತಾನೆ. ಸೋಮವಾರದಿಂದ ಶನಿವಾರದ ತನಕ ಯಾರು ಏನು ಕೇಳಿದರೂ ಉತ್ತರವಿಲ್ಲ. ಭಾನುವಾರ ಬೆಳಿಗ್ಗೆ ಫೋನ್ ಮಾಡಿ ಎಲ್ಲವನ್ನೂ ಒಂದೇ ಉಸಿರಿಗೆ ಇಳಿಸುತ್ತಾನೆ. “ಹೂಂ. ಬೇಡ. ಅವಳಿಗೆ ಜ್ವರ ಇಳೀತು. ನೀಲಿದು. ಹನ್ನೊಂದೂವರೆ ಬಸ್ಸು. ಅದು ನನ್ನ ಛತ್ರಿ ಅಲ್ಲ.” ಫೋನ್ ಕಟ್! ಯಾವ ಉತ್ತರ ಯಾವ ಪ್ರಶ್ನೆಗೆ ಅಂತ ನಾವು ಕೂತು ಹೊಂದಿಸಬೇಕು. ಒಮ್ಮೆ ನನ್ನ ಹೆಂಡತಿ “ಅಕ್ಕನ ಹುಟ್ಟುಹಬ್ಬಕ್ಕೆ ಏನು ಕೊಡಲಿ?” ಅಂತಲೂ, ನಾನು “ಬಚ್ಚಲ ಪೈಪು ಸೋರುತ್ತಿದೆ, ಏನು ಹಚ್ಚಲಿ?” ಅಂತಲೂ ಒಂದೇ ವಾರದಲ್ಲಿ ಕೇಳಿದ್ದೆವು. ಉತ್ತರಗಳು ಅದಲುಬದಲಾದವು. ಅಕ್ಕನಿಗೆ ಸಿಮೆಂಟಿನ ಪೊಟ್ಟಣ ಉಡುಗೊರೆ ಹೋಯಿತು, ನಾನು ಬಚ್ಚಲ ಪೈಪಿಗೆ ಮೈಸೂರು ರೇಷ್ಮೆ ಹುಡುಕುತ್ತ ಕೂತೆ ಅಂದರೆ ನೀವು ನಂಬುವುದಿಲ್ಲ. ಹೋಗಲಿ, ಅರ್ಧವಾದರೂ ನಂಬಿ.

ಮೀನು ಪೇಟೆಯ ಕಥೆಯನ್ನು ಮಾತ್ರ ಪೂರ್ತಿ ನಂಬಲೇಬೇಕು. ನಾನೇ ಕಣ್ಣಾರೆ ಕಂಡದ್ದು. ಕಾರವಾರದ ಪೇಟೆಯಲ್ಲಿ ಒಬ್ಬ ಅಜ್ಜಿ ಬಂಗಡೆ ಮಾರುತ್ತಿದ್ದಳು. ಇವನು ಹದಿನಾರು ಕೇಳಿದ. ಅವಳು ಎಣಿಸಿ ಹದಿನಾರು ಹಾಕಿ, ಪ್ರೀತಿಯಿಂದ ಮೇಲೊಂದು ಕೊಸರು ಹಾಕಿದಳು. ಮಾರುವವರು ತಾವಾಗಿ ಕೊಸರು ಹಾಕುವುದು ಅಂದರೆ ಸುಮ್ಮನೆಯೇ? ನಾನು ಇಪ್ಪತ್ತು ವರ್ಷದಿಂದ ಮೀನು ಕೊಳ್ಳುತ್ತಿದ್ದೇನೆ, ಬಾಯಿಬಿಟ್ಟು ಕೇಳಿದರೂ ನನಗೆ ಕೊಸರು ಸಿಕ್ಕಿದ್ದು ಎರಡೋ ಮೂರೋ ಸಲ. ಇವನೋ, ಹದಿನೇಳನೆಯ ಬಂಗಡೆಯನ್ನು ಬಾಲ ಹಿಡಿದು ಎತ್ತಿ ವಾಪಸ್ ಅವಳ ಬುಟ್ಟಿಗೆ ಹಾಕಿದ!

ಅಜ್ಜಿ ಸೊಂಟಕ್ಕೆ ಕೈಯಿಟ್ಟು ಎದ್ದು ನಿಂತಳು. “ಅರೇ ಬಾಬಾ! ನನ್ನ ಕೊಸರು ನಿಂಗೆ ನಾರ್ತದ್ಯಾ?”

“ಹಂಗಲ್ಲ ಅಜ್ಜಿ. ಹದಿನಾರಿಗೆ ಹದಿನಾರರ ಜಾಗ ಸಾಕು. ಹದಿನೇಳಾದ್ರೆ ಮೂವತ್ತೆರಡರ ಜಾಗ ಬೇಕಾಗ್ತದೆ. ಹದಿನೈದು ಖಾಲಿ ಬೀಳ್ತದೆ.”

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಮತ್ತೆ ಕೂತಳು. ಇನ್ನೂ ಹದಿನಾರು ಎಣಿಸಿ ಅವನ ಚೀಲಕ್ಕೆ ಸುರಿದು ಮೂವತ್ತೆರಡರ ದುಡ್ಡಿಗೆ ಕೈಚಾಚಿದಳು. “ತಕಾ. ಈಗ ಖಾಲಿ ಇಲ್ಲ ಅಲ್ದಾ?” ಇವನ ಮುಖ ಅರಳಿಹೋಯಿತು. ಬಂಗಡೆ ಮಾರುವ ಅಜ್ಜಿಯೊಬ್ಬಳು ತನ್ನ ಶಾಸ್ತ್ರವನ್ನು ಇಷ್ಟು ಬೇಗ ಹಿಡಿದಳಲ್ಲ ಅಂತ! ಆ ವಾರವಿಡೀ ಹಬ್ಬುವಾಡದ ಆ ಮನೆಯಲ್ಲಿ ಬಂಗಡೆ ಸಾರು, ಬಂಗಡೆ ಹುರಿದದ್ದು, ಮತ್ತೆ ಬಂಗಡೆ ಸಾರು. “ಕೊಸರು ನಾನು ಯಾರದ್ದೂ ತಕಂಬುದಿಲ್ಲ, ಕೊಡೂದೂ ಇಲ್ಲ” ಎಂದು ದಾರಿಯುದ್ದಕ್ಕೂ ನನಗೆ ಉಪದೇಶ ಬೇರೆ.

ದೇವಬಾಗಕ್ಕೆ ಹೋದಾಗಲೂ ಇದೇ ಪಾಡು. ನಾವು ಮನೆಮಂದಿಯೆಲ್ಲ ಸೇರಿ ಏಳು ಜನ. ದೋಣಿಯವನು ಹತ್ತಿ ಅಂದ. ಇವನು ಎಂಟನೆಯವರು ಬರುವ ತನಕ ದೋಣಿ ಬಿಡಬೇಡ ಅಂದ. ಬಿಸಿಲಲ್ಲಿ ಮುಕ್ಕಾಲು ಗಂಟೆ ಕಾದೆವು. ಕೊನೆಗೆ ಯಾರೋ ಗೋವೆಯ ಪ್ರವಾಸಿ ಎಂಟನೆಯವನಾಗಿ ಹತ್ತಿದ. ಇವನು ಆ ಅಪರಿಚಿತನನ್ನು ಕಳೆದುಹೋಗಿ ಸಿಕ್ಕ ತಮ್ಮನ ಹಾಗೆ ತಬ್ಬಿಕೊಂಡ. ಸ್ವಂತ ಷಡ್ಡಕನಾದ ನನ್ನನ್ನು ಒಂದು ದಿನವೂ ಹಾಗೆ ತಬ್ಬಿದವನಲ್ಲ!

ಹೀಗಿರುವಾಗ ಒಂದು ಮಧ್ಯಾಹ್ನ ಅವನು ಅಂಕೋಲೆಯ ನನ್ನ ಅಂಗಡಿಗೆ ಬಂದ. ವಾರದ ನಡುವೆ ಬಂದದ್ದೇ ಆಶ್ಚರ್ಯ, ಬಂದವನು ಮಾತಾಡಿದ್ದು ಇನ್ನೂ ಆಶ್ಚರ್ಯ. ಮುಖ ಬಾಡಿತ್ತು. ನಾನು ನಮ್ಮ ಕಡೆಯ ಒಬ್ಬ ಕವಿಯ ಸಂಕಲನ ಬೈಂಡ್ ಮಾಡುತ್ತಿದ್ದೆ. ಸುತ್ತಲೂ ಮಡಚಿದ ಹಾಳೆಗಳ ರಾಶಿ. ಅವನು ರದ್ದಿ ಕಾಗದದ ಕಟ್ಟಿನ ಮೇಲೆ ಕೂತು ತನ್ನ ಕಷ್ಟ ಹೇಳಿಕೊಂಡ.

ಅವನು ಹೇಳಿದ್ದರಲ್ಲಿ ನನಗೆ ತಿಳಿದದ್ದಿಷ್ಟು. ಕಂಪ್ಯೂಟರಿನ ನೆನಪಿನ ಜಾಗವನ್ನು ಸಣ್ಣ ಸಣ್ಣ ಸಮ ಭಾಗ ಮಾಡಿರುತ್ತಾರೆ. ಅದಕ್ಕೆ ಅವರ ಭಾಷೆಯಲ್ಲೂ ಹೆಸರು ಪುಟ ಅಂತಲೇ! ಯಾವ ಪುಟ ಯಾರ ಕೈಯಲ್ಲಿದೆ, ಎಷ್ಟು ಜನ ಹಿಡಿದಿದ್ದಾರೆ ಅಂತ ಕರ್ನೆಲ್ ಒಂದೊಂದಕ್ಕೂ ಚೀಟಿ ಇಟ್ಟುಕೊಳ್ಳಬೇಕು. ಮೊದಲು ಪುಟ ಕಡಿಮೆ ಇದ್ದಾಗ ನಡೆಯಿತು. ಈಗ ಕೋಟಿಗಟ್ಟಲೆ ಪುಟ. ಚೀಟಿ ನೋಡುವುದರಲ್ಲೇ ಹೊತ್ತು ಹೋಗುತ್ತದೆ. ಅದಕ್ಕೆ ಎಲ್ಲರೂ ಸೇರಿ ಪುಟಗಳನ್ನು ಕಟ್ಟು ಕಟ್ಟಾಗಿ ಹಿಡಿಯುವ ಪದ್ಧತಿ ತರುತ್ತಿದ್ದಾರೆ. ಇವನ ಮೂಲೆಯಲ್ಲಿ ಮಾತ್ರ ಅದು ಕೂರುತ್ತಿಲ್ಲ.

“ಕಟ್ಟು ಕಟ್ಟಿದ್ದೆ ತಮ್ಮಾ. ಆದ್ರೆ ಯಾರೋ ಕಟ್ಟಿನ ನಡುವಿನ ಪುಟ ತಂದು ಕೈಯಲ್ಲಿ ಹಿಡಿಸ್ತ್ರು. ಆ ಪುಟವನ್ನ, ನೀನು ಮೊದಲನೇದೋ ನಡುವಿನದೋ ಅಂತ ಪ್ರತಿ ಸಲ ಕೇಳ್ಬೇಕು. ಒಂದು ಸಲ ಕೇಳೂಕೆ ಮರೆತ್ರೆ ಇಡೀ ಯಂತ್ರ ಬಿದ್ದೋಗ್ತದೆ. ಎರಡು ತಿಂಗಳಾಯ್ತು, ನಿದ್ದೆ ಇಲ್ಲ.”

ನನಗೆ ಒಳಗೊಳಗೇ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ? ಎಲ್ಲರೂ ಹೊಗಳುವ ದೊಡ್ಡ ಅಳಿಯ ನನ್ನ ರದ್ದಿಯ ಮೇಲೆ ಮುಖ ಬಾಡಿಸಿ ಕೂತಿದ್ದಾನೆ! ಆ ಖುಷಿಯಲ್ಲೇ ನಾಲಿಗೆ ಸಡಿಲಾಯಿತು.

“ಅಲ್ಲ ಭಾವ, ನಡುವಿನ ಪುಟ ಕೈಗೆ ಬರೂಕೆ ನೀವು ಬಿಡೂದಾದ್ರೂ ಎಂತಕ್ಕೆ? ಇಲ್ಲಿ ನೋಡಿ. ನಾನು ಪುಟ ಮುಟ್ತೇನ್ಯಾ? ಮುಟ್ಟೂದೇ ಇಲ್ಲ. ಇದು ಫಾರಂ. ಒಂದು ದೊಡ್ಡ ಹಾಳೆ ಮಡಚಿದ್ರೆ ಹದಿನಾರು ಪುಟ. ಮಡಚಿದ ಮೇಲೆ ನಂಗೆ ಅದು ಒಂದೇ ವಸ್ತು. ಮೊದಲ ಪುಟದ ಕೆಳಗೆ ನೋಡಿ, ಸಣ್ಣಗೆ ನಾಲ್ಕು ಅಂತ ಅಚ್ಚು ಅದೆ. ನಾಲ್ಕನೇ ಫಾರಂ ಅಂತ. ನಂಗೆ ಕಾಣೂದು ಆ ಅಂಕಿ ಒಂದೇ. ಒಳಗಿನ ಹದಿನೈದು ಪುಟ ಎಲ್ಲಿ ಹೋಗ್ತವೆ? ಮೊದಲನೇದು ಅಣ್ಣ, ಅಣ್ಣನ ಹಿಂದೇ ಬರ್ತವೆ! ಅಂಗಡಿಯಲ್ಲಿ ಬಿಡಿ ಪುಟ ಹಿಡಿದು ಯಾರಾದ್ರೂ ಬಂದ್ರೆ ನಾನು ಬಾಗಿಲಲ್ಲೇ ಹೇಳ್ತೆ, ಫಾರಂ ತಂದ್ರೆ ಒಳಗೆ ಬಾ, ಪುಟ ತಂದ್ರೆ ಹೊರಗೇ ನಿಲ್ಲು ಅಂತ.”

ಅವನು ಆ ಫಾರಂ ಕೈಗೆತ್ತಿಕೊಂಡ. ಕೆಳಗಿನ ಅಂಕಿ ನೋಡಿದ. ತಿರುಗಿಸಿ ನೋಡಿದ. ಮೂಸಿಯೂ ನೋಡಿದ! “ಬಾಗಿಲಲ್ಲೇ...” ಅಂದ. ಇನ್ನೊಂದು ಸಲ “ಬಾಗಿಲಲ್ಲೇ” ಅಂದವನು ಎದ್ದು ಹೊರಟೇಬಿಟ್ಟ. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ನನ್ನದು. ನಾನು ಉಳಿದ ಬೆಸವಾದ ಜೋಡಿ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ತನಕ ಓಡಿದೆ. ಬಸ್ಸು ಹೋಗಿತ್ತು.

ಹೋದದ್ದು ಚಪ್ಪಲಿ ಒಂದೇ ಅಲ್ಲ ಅಂತ ತಿಳಿದದ್ದು ಹದಿನೈದು ದಿನದ ನಂತರ, ಪುಸ್ತಕ ಬಿಡುಗಡೆಯ ವೇದಿಕೆಯಲ್ಲಿ. ಕವಿ ಮೈಕಿನ ಮುಂದೆ ನಿಂತು ತಮ್ಮ ಕೈಯ ಪ್ರತಿ ತೆರೆದು ಮಗಳ ಮದುವೆಯ ಕವಿತೆ ಓದತೊಡಗಿದರು. ಸಭೆಯ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಲವತ್ತೆಂಟನೇ ಪುಟದಲ್ಲಿ ಮಗಳು ಹೊಸಿಲು ದಾಟಿದಳು. ಕವಿ ಭಾವಪರವಶರಾಗಿ ಎದುರಿನ ಪುಟಕ್ಕೆ ಬಂದರು. ಮುಂದಿನ ಸಾಲಿನಲ್ಲಿ ಅವಳು ಬಾಲ ಬೀಸಿ ನೊಣ ಓಡಿಸಿದಳು! ಅದು ಅರವತ್ತೈದನೇ ಪುಟ, ಮನೆಯ ಎಮ್ಮೆಯ ಮೇಲಿನ ಕವಿತೆ. ನಡುವಿನ ಹದಿನಾರು ಪುಟ, ಅಂದರೆ ನಾಲ್ಕನೇ ಫಾರಂ, ಮಾಯ! ಷಡ್ಡಕ ಕೈಯಲ್ಲಿ ಹಿಡಿದುಕೊಂಡೇ ಬಸ್ಸು ಹತ್ತಿದ್ದ. ರಾಶಿಯಲ್ಲಿ ಒಂದು ಕಡಿಮೆಯಾಗಿತ್ತು. ಐನೂರು ಪ್ರತಿಗಳಲ್ಲಿ ಕೆಟ್ಟದ್ದು ಒಂದೇ, ಅದೇ ಕವಿಯ ಕೈ ಸೇರಿತ್ತು.

ಅಧ್ಯಕ್ಷರು ಎದ್ದು ಗುಡುಗಿದರು. “ಇದರ ಬೈಂಡರ್ ಯಾರು?”

ಇಪ್ಪತ್ತೈದು ವರ್ಷದ ಕಸುಬಿನಲ್ಲಿ ವೇದಿಕೆಯ ಮೇಲಿಂದ ಈ ಪ್ರಶ್ನೆ ಕೇಳಿದ್ದು ಅದೇ ಮೊದಲು. ಇಡೀ ಸಭೆ ಕತ್ತು ತಿರುಗಿಸಿ ನನ್ನನ್ನು ನೋಡಿತು, ಯಾರೋ ನನ್ನ ಹೆಸರು ಹೇಳಿದರು, ಅಧ್ಯಕ್ಷರು ಅದನ್ನೇ ಕೂಗಿದರು. ಹೆಸರು ಬರಲಿ, ಹೆಸರು ಬರಲಿ ಅಂತ ಆಸೆಪಟ್ಟಿದ್ದೆನಲ್ಲ, ಬಂತು! ಮೈಕಿನಲ್ಲೇ ಬಂತು. ನಾನು ಹಿಂದಿನ ಬಾಗಿಲಿನಿಂದ ಮನೆಗೆ ಹೋದೆ.

ಆ ಸಿಟ್ಟು ಆರುವ ಮೊದಲೇ ಇನ್ನೊಂದು ಬಂತು. ಷಡ್ಡಕನ ಮೂಲೆಯ ಕೆಲಸ ಸರಿಯಾಯಿತಂತೆ. ದೊಡ್ಡ ದೊಡ್ಡವರೆಲ್ಲ ಓದಿ, ಪರೀಕ್ಷೆ ಮಾಡಿ, ಒಪ್ಪಿ ಕರ್ನೆಲ್‌ಗೆ ಸೇರಿಸಿದರಂತೆ. ಕಾರವಾರದಲ್ಲಿ ಅವನಿಗೆ ಶಾಲು ಹೊದಿಸಿದರು. ವಿದೇಶದ ಸಮ್ಮೇಳನದಲ್ಲಿ ಮಾತಾಡಲು ಕರೆ ಬಂತು. ಅತ್ತೆ ಓಣಿಗೆಲ್ಲ ಪೇಢೆ ಹಂಚಿದರು. “ಕರ್ನಲ್ ಸಾಹೇಬ್ರಿಗೆ ನೆನಪು ಬಂತಂತೆ! ನನ್ನ ಒಂದೆಲಗ ಸುಮ್ಮನೆ ಹೋಗ್ಲಿಲ್ಲ.” ನನ್ನ ಫಾರಂ ಕದ್ದವನಿಗೆ ಶಾಲು, ಫಾರಂ ಕಳಕೊಂಡ ನನಗೆ ಬೈಗುಳ! ನ್ಯಾಯ ಅಂತ ಒಂದು ಇದೆಯೇ ಈ ಕರಾವಳಿಯಲ್ಲಿ?

ನಾನು ಬಿಣಗಾಕ್ಕೆ ಹೋಗುವುದನ್ನೇ ಬಿಟ್ಟೆ. ಮೊದಲ ಭಾನುವಾರ ತಲೆನೋವು ಅಂದೆ. ಎರಡನೆಯದಕ್ಕೆ ಕೆಲಸ ಜಾಸ್ತಿ ಅಂದೆ. ಮೂರನೆಯದಕ್ಕೆ ಕಾರಣವನ್ನೇ ಹೇಳಲಿಲ್ಲ. ಒಬ್ಬನೇ ಕೂತು ಗಂಜಿ ಉಂಡೆ. ಅತ್ತೆಯ ಕೈಯ ಇಸೋಣ ಮೀನಿನ ಪರಿಮಳ ಅಂಕೋಲೆಯ ತನಕ ಬಂದ ಹಾಗೆ ಅನಿಸುತ್ತಿತ್ತು.

ನಾಲ್ಕನೆಯ ಭಾನುವಾರ ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. “ಇವತ್ತು ನೀವು ಬರಲೇಬೇಕು. ಮೂರು ವಾರದಿಂದ ಭಾವ ಬಾಯೇ ಬಿಡಲಿಲ್ಲ. ತಮ್ಮ ಬಂದ ಮೇಲೇ ಎಲ್ಲ ಒಟ್ಟಿಗೆ ಹೇಳ್ತೆ ಅಂತ ಕೂತಾರೆ. ಮೂರು ವಾರದ್ದಾಯ್ತು, ನಾಲ್ಕಾಗೂ ತನಕ ಕಾಯ್ತೆ, ನಾಲ್ಕಾದ್ರೆ ಸರಿಯಾದ ಕಟ್ಟು ಅಂತ ಹೇಳಿದ್ರಂತೆ.”

ಹೋದೆ. ಅವನು ಚಾಪೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ನನ್ನನ್ನು ನೋಡಿದವನೇ ಅದನ್ನು ನನ್ನ ಕಡೆ ತಿರುಗಿಸಿದ. ಪೂರ್ತಿ ಇಂಗ್ಲಿಷು. ನನಗೆ ಅಷ್ಟು ಬಾರದು ಅಂತ ಹೆಂಡತಿ ಪಕ್ಕ ಕೂತು ಓದಿ ಕನ್ನಡದಲ್ಲಿ ಹೇಳಿದಳು.

ಕರ್ನೆಲ್‌ಗೆ ಏನೇ ಸೇರಿಸಿದರೂ ಜೊತೆಗೊಂದು ಟಿಪ್ಪಣಿ ಬರೆಯಬೇಕಂತೆ. ಏನು ಬದಲಾಯಿತು, ಯಾಕೆ ಬದಲಾಯಿತು ಅಂತ. ಇವನ ಟಿಪ್ಪಣಿಯಲ್ಲಿ ಹೀಗಿತ್ತು: ‘ಪುಸ್ತಕ ಹೊಲಿಯುವವರು ಬಿಡಿ ಪುಟವನ್ನು ಮುಟ್ಟುವುದಿಲ್ಲ. ಮಡಚಿದ ಕಟ್ಟನ್ನು ಅದರ ಮೊದಲ ಪುಟದ ಅಂಕಿಯಿಂದ ಗುರುತಿಸುತ್ತಾರೆ. ನಡುವಿನ ಪುಟವನ್ನು ಬಾಗಿಲಲ್ಲೇ ತಡೆಯುತ್ತಾರೆ. ನಾವೂ ಹಾಗೆ ಮಾಡಿದರೆ ಒಳಗೆ ಬಂದ ಮೇಲೆ ಯಾರೂ ಮತ್ತೆ ಮತ್ತೆ ಕೇಳಬೇಕಾಗಿಲ್ಲ.’ ಅದರ ಕೆಳಗೆ ಹೆಸರುಗಳ ಸಾಲು. ಬರೆದವರು, ಇವನ ಹೆಸರು. ಓದಿ ನೋಡಿದವರು, ಯಾವುದೋ ದೇಶದ ಇಬ್ಬರು. ಪರೀಕ್ಷಿಸಿದವರು, ಇನ್ನೊಬ್ಬರು. ಇವರೆಲ್ಲರಿಗಿಂತ ಮೇಲಿನ ಸಾಲು ‘ಸೂಚಿಸಿದವರು’. ಅದನ್ನು ನನ್ನ ಹೆಂಡತಿ ಎರಡು ಸಲ ಓದಿದಳು.

ಅಲ್ಲಿ ನನ್ನ ಹೆಸರಿತ್ತು! ಅಪ್ಪನ ಹೆಸರಿನ ಸಮೇತ. ಪಕ್ಕದಲ್ಲಿ ‘ಬೈಂಡರ್, ಅಂಕೋಲಾ’.

ನಾನು ಆ ಸಾಲಿನ ಮೇಲೆ ಬೆರಳಿಟ್ಟು ನೋಡಿದೆ. ಅಚ್ಚಿನ ಮಸಿ ಒಣಗಿದೆಯೇ ಅಂತ ನೋಡುವ ಅಭ್ಯಾಸ, ಏನು ಮಾಡಲಿ?

“ಅಳಿಸಿಹೋಗೂದಿ‌ಲ್ವಾ?” ಅಂದೆ.

“ಇಲ್ಲ ತಮ್ಮಾ. ಒಮ್ಮೆ ಸೇರಿದ ಮೇಲೆ ನಾನೇ ಬಯಸಿದ್ರೂ ಅಳಿಸೂಕೆ ಬರೂದಿಲ್ಲ. ಇದರ ಪ್ರತಿ ಜಗತ್ತಿನ ತುಂಬ ಅದೆ.” ಪರದೆಯನ್ನು ಕೆಳಗೆ ಸರಿಸುತ್ತ ಹೇಳಿದ. “ಇವರು ಯಾವ ಕಂಪನಿಯವ್ರು ಅಂತ ಒಬ್ರು ಕೇಳಿದ್ರು. ಕಂಪನಿ ಇಲ್ಲ, ಸೂಜಿ ದಾರ ಅದೆ ಅಂತ ಬರೆದೆ.”

ನನ್ನ ಹಾಳು ಬುದ್ಧಿ ಆಗಲೂ ಸುಮ್ಮನಿರಲಿಲ್ಲ. ಶಾಲು, ಪೇಢೆ, ಮೂರು ವಾರದ ಗಂಜಿ ಎಲ್ಲ ಒಟ್ಟಿಗೆ ನೆನಪಿಗೆ ಬಂತು. “ಫಾರಂ ತಕಂಡು ಹೋಗಿದ್ದಕ್ಕೆ ಕೊಸರು ಹಾಕಿದ್ರ್ಯಾ ನನ್ನ ಹೆಸ್ರು?” ಅಂದುಬಿಟ್ಟೆ.

ಭಾವ ನನ್ನ ಮುಖವನ್ನೇ ನೋಡಿದರು. “ಕೊಸರು ನಾನು ಕೊಡೂದಿಲ್ಲ. ನಿಂಗೆ ಗೊತ್ತದ್ಯಲ್ಲ.”

ಆಮೇಲೆ ಅವರು ಚೀಲದೊಳಗಿಂದ ಒಂದು ಪ್ಲಾಸ್ಟಿಕ್ ಲಕೋಟೆ ತೆಗೆದರು. ಒಳಗೆ ನಾಲ್ಕನೇ ಫಾರಂ. ಮಡಿಕೆ ಒಂದಿಷ್ಟೂ ಬಿಚ್ಚಿರಲಿಲ್ಲ. ಅಂಚುಗಳು ಮಾತ್ರ ಕೈಯಾಡಿ ಆಡಿ ಮೆತ್ತಗಾಗಿದ್ದವು. “ಎದುರಿಗೆ ಇಟ್ಕಂಡೇ ಬರೆದೆ ಎಲ್ಲ. ಕವಿಗಳ ಮನೆಗೂ ಹೋಗಿ ಬಂದೆ. ತಪ್ಪು ಬೈಂಡರ್‌ದಲ್ಲ, ನಂದು ಅಂತ ಹೇಳಿದ್ದೆ. ನಮ್ಮಲ್ಲೂ ಹಿಂಗೇ ತಮ್ಮಾ, ಏನಾದ್ರೂ ಮುರಿದ್ರೆ ಮಾತ್ರ ಇದು ಯಾರು ಬರೆದದ್ದು ಅಂತ ಹುಡುಕ್ತ್ರು. ಒಂದು ಮಾತು ಹೇಳ್ಲ್ಯಾ? ನಂಗೆ ನಿನ್ನ ಮೇಲೆ ಮೊದಲಿಂದ್ಲೂ ಹೊಟ್ಟೆಕಿಚ್ಚು. ನೀ ಮಾಡಿದ್ದನ್ನ ಕೈಯಲ್ಲಿ ಹಿಡಿಯೂಕೆ ಬತ್ತದೆ. ನಾ ಮಾಡಿದ್ದು ಎಂತಾ ಅಂತ ಈ ಮನೆಯಲ್ಲಿ ಒಬ್ರಿಗೂ ತೋರ್ಸೂಕೆ ಬತ್ತಿಲ್ಲ. ಅವತ್ತು ನಿನ್ನ ಅಂಗಡಿಯಲ್ಲಿ ಮೊದಲ ಸಲ ಒಬ್ರಿಗೆ ತಿಳೀತು.”

ಹತ್ತೊಂಬತ್ತು ವರ್ಷದಿಂದ ಈ ಮನುಷ್ಯರ ತಟ್ಟೆಯಲ್ಲಿ ಎಷ್ಟು ತುಂಡು ಬಿತ್ತು ಅಂತ ನೋಡುತ್ತ ಕೂತವನು ನಾನು. ಅವರ ಮುಖ ನೋಡಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಅಷ್ಟರಲ್ಲಿ ಅತ್ತೆ ಬಡಿಸಲು ಬಂದರು. ನನ್ನ ಹೆಂಡತಿ ಅಳುತ್ತಿರುವುದನ್ನು ನೋಡಿ ಗಾಬರಿಯಾಗಿ ಏನಾಯಿತು ಅಂತ ಕೇಳಿದರು. ಅವಳು ಮೂಗು ಒರೆಸಿಕೊಳ್ಳುತ್ತ, “ಇವ್ರ ಹೆಸ್ರು ಕರ್ನೆಲ್‌ನಲ್ಲಿ ಸೇರ್ತು ಆಯೀ, ಇನ್ನು ಅಳಿಸೂದಿಲ್ವಂತೆ” ಅಂದಳು.

ಅತ್ತೆ ಸೌಟು ಕೆಳಗಿಟ್ಟರು. ನನ್ನನ್ನೊಮ್ಮೆ, ಲ್ಯಾಪ್‌ಟಾಪನ್ನೊಮ್ಮೆ ನೋಡಿದರು. ಒಳಗೆ ಹೋಗಿ ಆ ವಾರದ ಸ್ಟೀಲ್ ಡಬ್ಬಿ ತಂದರು. ಅದನ್ನು ದೊಡ್ಡ ಅಳಿಯನ ಪಕ್ಕ ಇಡಲಿಲ್ಲ, ನನ್ನ ತಟ್ಟೆಯ ಪಕ್ಕ ಇಟ್ಟರು.

“ಕರ್ನಲ್ ಸಾಹೇಬ್ರು ಯಾರ್ಯಾರನ್ನೋ ಮರ್ತ್ರು, ನಿಮ್ಮ ಹೆಸ್ರು ನೆನಪಿಟ್ಕಂಡ್ರಲ್ಲ! ತಕಳಿ, ನೀವು ತಿನ್ನಿ ಇದ್ನ.”

ನೀವು! ಹತ್ತೊಂಬತ್ತು ವರ್ಷ ಕಾದ ಮಾತು ಬಂದೇಬಿಟ್ಟಿತು. ಆದರೆ ಕೇಳಿದ ಕೂಡಲೇ ಯಾಕೋ ಯಾರದೋ ಮನೆಗೆ ಊಟಕ್ಕೆ ಬಂದ ಹಾಗೆ ಆಯಿತು.

“ಬೇಡ ಅತ್ತೆ. ನಂಗೆ ನೀನು ಅಂತಲೇ ಅನ್ನಿ” ಅಂದೆ. ಡಬ್ಬಿ ತೆರೆದು, ಭಾವನ ತಟ್ಟೆಗೆ ಎರಡು ಚಮಚ ಚಟ್ನಿ ಹಾಕಿ, ನನ್ನ ತಟ್ಟೆಗೂ ಎರಡು ಹಾಕಿಕೊಂಡೆ.